ಜೇಬಿಲ್ಲದ ಅಂಗಿ

ಇಂಡಿ, ಸಿಂದಗಿ, ಮುದ್ದೇಬಿಹಾಳದ ಕಡೆ ಯಾರನ್ನು ಕೇಳಿದರೂ ಸಿದ್ಧೇಶ್ವರ ಸ್ವಾಮೀಜಿಯವರ ಜೇಬಿಲ್ಲದ ಬಿಳಿ ಅಂಗಿಯ ಮಾತು ಬಂದೇ ಬರುತ್ತದೆ. ವಿಜಯಪುರದ ಜ್ಞಾನಯೋಗಾಶ್ರಮದ ಈ ಸಂತರು ಹುಟ್ಟಿದ್ದು ಬಿಜ್ಜರಗಿಯಲ್ಲಿ. 2018ರಲ್ಲಿ ಪದ್ಮಶ್ರೀ ಬಂದಾಗ, ಸನ್ಯಾಸಿಗೆ ಪ್ರಶಸ್ತಿಯ ಅಗತ್ಯವಿಲ್ಲವೆಂದು ವಿನಯದಿಂದ ಪತ್ರ ಬರೆದು ಬಿಟ್ಟುಕೊಟ್ಟರು.

ಅಂಗಿಗೆ ಜೇಬೇ ಇಲ್ಲದಂತೆ ಹಣ ಬೇಡ ಎನ್ನುವುದು ಕಷ್ಟ, ನಿಜ. ಆದರೆ ಹಣದ ಬೆನ್ನಿಗೆ ಅಡಗಿರುವ ಭಯವನ್ನು ಬಿಡುವುದು ಇನ್ನೂ ಕಷ್ಟ. ನಾಳೆ ಏನಾದೀತು, ಸತ್ತ ಮೇಲೆ ನನ್ನನ್ನು ಯಾರು ನೆನೆದಾರು? ಹೊಲದ ಬದು ಒತ್ತುವವನಿಗೂ ಊರ ಮುಂದೆ ಹೆಸರಿನ ಕಮಾನು ಕಟ್ಟಿಸುವವನಿಗೂ ಇರುವುದು ಇದೇ ಅಂಜಿಕೆ. ಅಂಗಿಯ ಕತೆಯನ್ನು ನಾವು ಹೇಳಿ ಹೇಳಿ ಸವೆಸಿದ್ದೇವೆ. ನನ್ನ ಮಟ್ಟಿಗೆ ದೊಡ್ಡದು ಸ್ವಾಮೀಜಿ 2014ರ ಗುರುಪೂರ್ಣಿಮೆಯಂದು ಬರೆದಿಟ್ಟ ಪತ್ರ. ದೇಹವನ್ನು ಮಣ್ಣಿನಲ್ಲಿಡದೆ ಅಗ್ನಿಗೆ ಕೊಡಿ, ಚಿತಾಭಸ್ಮವನ್ನು ನೀರಿಗೆ ಬಿಡಿ, ಸ್ಮಾರಕ ಕಟ್ಟಬೇಡಿ ಎಂಬುದು ಅದರ ಸಾರ. ಗದ್ದುಗೆಗಳ ನಾಡಿನಲ್ಲಿ ಇದು ಸಣ್ಣ ಮಾತಲ್ಲ.

ಹೆಸರಿನ ಆಸೆಯನ್ನು ಬಿಡುವ ಈ ಧೈರ್ಯ ನಮ್ಮ ಬಸವನ ಬಾಗೇವಾಡಿಗೂ ಹೊಸದಲ್ಲ. ಜನಿವಾರದ ಜೊತೆಗೆ ಬರುವ ಮಾನಮರ್ಯಾದೆಯನ್ನು ಬೇಡವೆಂದು, ಮನೆ ಬಿಟ್ಟು ಕೂಡಲಸಂಗಮದ ದಾರಿ ಹಿಡಿದ ಹುಡುಗ ಬಸವಣ್ಣನ ಊರು ಅದು.

ಸ್ವಾಮೀಜಿ 2023ರ ಜನವರಿ 2ರಂದು ತೀರಿಕೊಂಡರು. ಲಕ್ಷಾಂತರ ಜನ ಸೇರಿದರು. ಮರುದಿನ, 2014ರ ಆ ಪತ್ರದಲ್ಲಿ ಇದ್ದಂತೆಯೇ ಅವರ ದೇಹವನ್ನು ಅಗ್ನಿಗೆ ಅರ್ಪಿಸಲಾಯಿತು.