ದೇಶದ ಜನಸಂಖ್ಯೆಯ ಬೆಳವಣಿಗೆಯೂ ನಮ್ಮ ಮನೆಗಳೂ

(ಮಂಚಿಕೇರಿಯ ಕುಟುಂಬ ಕಲ್ಯಾಣ ಸಭೆಯಲ್ಲಿ ವೈದ್ಯಾಧಿಕಾರಿಗಳು ಮಾಡಿದ ಭಾಷಣ)



ಜನಸಂಖ್ಯೆಯ ಕುರಿತು ಮಾತನಾಡುವವರು ಸಾಮಾನ್ಯವಾಗಿ ಒಂದು ದೊಡ್ಡ ಅಂಕಿಯನ್ನು ಹೇಳಿ ಸಭಿಕರನ್ನು ಬೆಚ್ಚಿಬೀಳಿಸುವುದುಂಟು. ನೂರನಲವತ್ತು ಕೋಟಿ ಎಂದರೆ ಎಷ್ಟೆಂಬುದು ನನಗಾಗಲಿ ನಿಮಗಾಗಲಿ ಕಣ್ಣಿಗೆ ಕಟ್ಟುವುದಿಲ್ಲ. ಆ ಅಂಕಿಗಿಂತ ಅದು ಯಾವ ವೇಗದಲ್ಲಿ ಏರುತ್ತಿದೆ ಎಂಬುದು ಮುಖ್ಯವಾದುದು. ಇದು ಬಡ್ಡಿಯ ಲೆಕ್ಕದಂತೆಯೇ ಇದೆ, ಅದೂ ಚಕ್ರಬಡ್ಡಿ. ವರ್ಷಕ್ಕೆ ನೂರಕ್ಕೆ ಎರಡರಂತೆ ಜನರು ಹೆಚ್ಚಿದರೆ ಸುಮಾರು 35 ವರ್ಷಗಳಲ್ಲಿ ಜನಸಂಖ್ಯೆ ಇಮ್ಮಡಿಯಾಗುತ್ತದೆ; ನೂರಕ್ಕೆ ಒಂದರಂತೆ ಹೆಚ್ಚಿದರೆ ಅದಕ್ಕೆ 70 ವರ್ಷಗಳು ಬೇಕು. ಎಪ್ಪತ್ತನ್ನು ದರದಿಂದ ಭಾಗಿಸಿದರೆ ಉತ್ತರ ದೊರೆಯುತ್ತದೆ. ಸಹಕಾರಿ ಸಂಘದಲ್ಲಿ ಠೇವಣಿ ಇಟ್ಟವರಿಗೆ ಈ ಲೆಕ್ಕ ನಾನು ಹೇಳಿಕೊಡಬೇಕಾದುದಿಲ್ಲ.

ಈಗ ಹಿಂದಿನದನ್ನು ನೋಡೋಣ. 1901ರ ಗಣತಿಯಲ್ಲಿ ನಮ್ಮ ದೇಶದ ಇಂದಿನ ಎಲ್ಲೆಯೊಳಗೆ ಇದ್ದವರು ಸುಮಾರು 23 ಕೋಟಿ 80 ಲಕ್ಷ ಜನರು. ಇಪ್ಪತ್ತು ವರ್ಷಗಳ ಅನಂತರ, 1921ರಲ್ಲಿ, ಇದ್ದವರು 25 ಕೋಟಿಗೆ ಸ್ವಲ್ಪ ಮೇಲೆ. 1911ರಿಂದ 1921ರವರೆಗಿನ ಹತ್ತು ವರ್ಷಗಳಲ್ಲಂತೂ ಜನಸಂಖ್ಯೆ ಏರುವ ಬದಲು ಇಳಿಯಿತು. ಇಂದಿನ ಕರ್ನಾಟಕದ ಪ್ರದೇಶದಲ್ಲಿಯೂ ಹಾಗೆಯೇ ಆಯಿತು. ಆಗ ಹೆಣ್ಣುಮಕ್ಕಳು ಹೆರುತ್ತಿರಲಿಲ್ಲವೇ? ಹೆರುತ್ತಿದ್ದರು, ಇಂದಿಗಿಂತ ಮೂರು ಪಾಲು ಹೆಚ್ಚಾಗಿಯೇ. ಹೆತ್ತವುಗಳು ಉಳಿಯುತ್ತಿರಲಿಲ್ಲ. 1918ರ ಇನ್‌ಫ್ಲುಯೆಂಜಾ ಒಂದೇ ಲಕ್ಷಾಂತರ ಮನೆಗಳನ್ನು ಬರಿದುಮಾಡಿತು. ಅದರೊಂದಿಗೆ ಪ್ಲೇಗು, ಕಾಲರಾ, ಸಿಡುಬು, ಬರಗಾಲ. ಜನಸಂಖ್ಯಾಶಾಸ್ತ್ರಜ್ಞರು 1921ನ್ನು ಮಹಾವಿಭಜನೆಯ ವರ್ಷವೆಂದು ಕರೆಯುತ್ತಾರೆ. ಆ ವರ್ಷದಿಂದೀಚೆಗೆ ಯಾವ ಗಣತಿಯಲ್ಲಿಯೂ ದೇಶದ ಜನಸಂಖ್ಯೆ ಇಳಿದುದಿಲ್ಲ.

ನಮ್ಮ ಘಟ್ಟದ ಮೇಲಿನ ತಾಲೂಕುಗಳಲ್ಲಿ ಈ ಕಥೆಗೆ ಇನ್ನೊಂದು ಅಧ್ಯಾಯವಿದೆ, ಅದನ್ನು ನಾನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಯಲ್ಲಾಪುರ, ಶಿರಸಿ, ಸಿದ್ದಾಪುರದ ಕಡೆಗೆ ಒಂದು ಕಾಲದಲ್ಲಿ ಹೊರಗಿನವರು ಬರಲು ಹೆದರುತ್ತಿದ್ದರು. ಕಾರಣ ಚಳಿಜ್ವರ, ಎಂದರೆ ಮಲೇರಿಯಾ. ಗುಲ್ಮ ಬೆಳೆದು ಹೊಟ್ಟೆ ಮುಂದಕ್ಕೆ ಬಂದ, ಕೈಕಾಲು ಕಡ್ಡಿಯಾದ ಮಕ್ಕಳನ್ನು ಕಂಡ ಹಿರಿಯರು ನಿಮ್ಮ ನಡುವೆ ಈಗಲೂ ಒಬ್ಬಿಬ್ಬರು ಇರಬಹುದು. ಕೊಳಚೆಯಲ್ಲಿ ಮಾತ್ರ ಸೊಳ್ಳೆ ಹುಟ್ಟುತ್ತದೆಂದು ನಾವು ಭಾವಿಸುತ್ತೇವೆ. ಆದರೆ ಮಲೆನಾಡಿನಲ್ಲಿ ಈ ಜ್ವರವನ್ನು ಹರಡುತ್ತಿದ್ದ ಅನಾಫಿಲೀಸ್ ಫ್ಲೂವಿಯಾಟಿಲಿಸ್ ಎಂಬ ಸೊಳ್ಳೆ ಹುಟ್ಟುವುದು ತೋಟದ ಪಕ್ಕದಲ್ಲಿ ಹರಿಯುವ ತಿಳಿನೀರಿನ ಹಳ್ಳದಲ್ಲಿ. ಯಾವ ನೀರು ಅಡಿಕೆಗೆ ಜೀವವೋ ಅದರಲ್ಲಿಯೇ ಮನುಷ್ಯನಿಗೆ ಮೃತ್ಯುವಿತ್ತು. ಬಸುರಿಯರಿಗೆ ಮಲೇರಿಯಾ ಬಂದರೆ ಗರ್ಭ ಇಳಿಯುತ್ತಿತ್ತು, ಇಲ್ಲವೇ ತೂಕವಿಲ್ಲದ ಮಗು ಹುಟ್ಟುತ್ತಿತ್ತು. 1901ರಲ್ಲಿ ಇಡೀ ಜಿಲ್ಲೆಯಲ್ಲಿ ಇದ್ದವರು ನಾಲ್ಕೂವರೆ ಲಕ್ಷ. ಅರ್ಧ ಶತಮಾನ ಕಳೆದು 1951 ಬಂದಾಗಲೂ ಐದು ಲಕ್ಷಕ್ಕೆ ಸ್ವಲ್ಪ ಮೇಲೆ ಮಾತ್ರ.

ಈ ಜ್ವರದ ಹಿಡಿತ ಸಡಿಲಿದುದು ಡಿ.ಡಿ.ಟಿ.ಯಿಂದ. ನಮ್ಮ ಜಿಲ್ಲೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು (ಮೈಸೂರು ರಾಜ್ಯಕ್ಕೆ ಬಂದುದು 1956ರಲ್ಲಿ). ಆ ಪ್ರಾಂತದ ಮಲೇರಿಯಾ ಸಂಸ್ಥೆಯ ಡಾ. ಡಿ. ಕೆ. ವಿಶ್ವನಾಥನ್ ಅವರು 1946ರಲ್ಲಿ ಕಾನಡಾ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳನ್ನು ಆರಿಸಿಕೊಂಡು ಮನೆಮನೆಯ ಒಳಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸುವ ಕಾರ್ಯ ಆರಂಭಿಸಿದರು. ದೇಶದ ಹಳ್ಳಿಗಳಲ್ಲಿ ಇಷ್ಟು ದೊಡ್ಡ ಪ್ರಮಾಣದಲ್ಲಿ ನಡೆದ ಮೊದಲ ಪ್ರಯತ್ನಗಳಲ್ಲಿ ಇದೂ ಒಂದು. ಇಲ್ಲಿ ಕಂಡ ಫಲವೂ ಸೇರಿ 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮಕ್ಕೆ ದಾರಿಯಾಯಿತು. ಆದುದರಿಂದ ದೇಶದ ಜನಸಂಖ್ಯೆ ಏಕೆ ಏರಿತೆಂದು ತಿಳಿಯಲು ನಾವು ದೆಹಲಿಯ ಕಡೆಗೆ ನೋಡಬೇಕಾಗಿಲ್ಲ. ನಮ್ಮ ಅಜ್ಜಂದಿರ ಮನೆಯ ಮಣ್ಣುಗೋಡೆಯೇ ಸಾಕು. ಸಾವು ಹಿಂದೆ ಸರಿಯಿತು, ಜನನ ಮೊದಲಿನಂತೆಯೇ ಉಳಿಯಿತು. ಅವೆರಡರ ನಡುವಿನ ಅಂತರವೇ ಬೆಳವಣಿಗೆ.

1951ರಲ್ಲಿ 36 ಕೋಟಿ ಇದ್ದ ದೇಶದ ಜನಸಂಖ್ಯೆ 1981ರಲ್ಲಿ 68 ಕೋಟಿಯನ್ನು ದಾಟಿತು. 1961–71ರ ದಶಕದಲ್ಲಿ ಬೆಳವಣಿಗೆ ನೂರಕ್ಕೆ 24.8ರಷ್ಟಾಗಿ, ಇದುವರೆಗಿನ ಅತ್ಯಂತ ಹೆಚ್ಚಿನ ದಶಕವೃದ್ಧಿ ಎನಿಸಿತು. ಮುಂದಿನ ದಶಕವೂ ಹೆಚ್ಚುಕಡಿಮೆ ಅಷ್ಟೇ. ನಮ್ಮ ಜಿಲ್ಲೆ 1971ರಿಂದ 1981ಕ್ಕೆ 8 ಲಕ್ಷ 49 ಸಾವಿರದಿಂದ 10 ಲಕ್ಷ 72 ಸಾವಿರಕ್ಕೆ, ಅಂದರೆ ನೂರಕ್ಕೆ 26ರಂತೆ, ಬೆಳೆದು ದೇಶವನ್ನೂ ಮೀರಿಸಿತು.

ಜನನವನ್ನು ಮಿತಗೊಳಿಸುವ ಯೋಚನೆ ಹೊಸದೇನೂ ಅಲ್ಲ. 1930ರಲ್ಲಿಯೇ ಮೈಸೂರು ಸಂಸ್ಥಾನದ ಸರ್ಕಾರ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳಿಗೆ ಮಂಜೂರಾತಿ ನೀಡಿತ್ತು. ಸ್ವತಂತ್ರ ಭಾರತ 1952ರಲ್ಲಿ ಕುಟುಂಬ ಯೋಜನೆಯನ್ನು ರಾಷ್ಟ್ರೀಯ ಕಾರ್ಯಕ್ರಮವನ್ನಾಗಿ ಮಾಡಿತು. ಕೆಂಪು ತ್ರಿಕೋನದ ಗುರುತನ್ನು ಹಿರಿಯರೆಲ್ಲರೂ ಬಲ್ಲರು. ಆದರೆ ತುರ್ತು ಪರಿಸ್ಥಿತಿಯ ಕಾಲದಲ್ಲಿ ನಡೆದುದನ್ನು ಮರೆಮಾಚಿ ಈ ವಿಷಯವನ್ನು ಹೇಳುವುದು ನನಗೆ ಸರಿಯೆನಿಸುವುದಿಲ್ಲ. 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳು ನಡೆದವು. ಅವುಗಳಲ್ಲಿ 60 ಲಕ್ಷಕ್ಕಿಂತ ಹೆಚ್ಚು ಗಂಡಸರಿಗೆ ಮಾಡಿದವು. ಅನೇಕ ಕಡೆಗಳಲ್ಲಿ ಬಲವಂತ ನಡೆಯಿತು. 1977ರಲ್ಲಿ ಕಾರ್ಯಕ್ರಮದ ಹೆಸರೇ ಕುಟುಂಬ ಕಲ್ಯಾಣವೆಂದು ಬದಲಾಯಿತು. ಹೆಸರಿನೊಂದಿಗೆ ಮತ್ತೊಂದೂ ಬದಲಾಯಿತು: ಗಂಡಸರು ಶಸ್ತ್ರಚಿಕಿತ್ಸೆಯ ಕೋಣೆಯಿಂದ ಹೊರಗೆ ಹೋದವರು ಮತ್ತೆ ಒಳಗೆ ಬರಲಿಲ್ಲ. ಆ ಭಾರವೆಲ್ಲ ಹೆಂಗಸರ ಮೇಲೆ ಬಿದ್ದಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಿವಾಹಿತ ಮಹಿಳೆಯರಲ್ಲಿ ನೂರಕ್ಕೆ ಸುಮಾರು 38 ಜನರು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಗಂಡನಿಗೆ ಶಸ್ತ್ರಚಿಕಿತ್ಸೆಯಾದ ದಂಪತಿಗಳು ನೂರಕ್ಕೆ ಒಂದೂ ಇಲ್ಲ, ಸಾವಿರಕ್ಕೆ ಮೂರು. ಕರ್ನಾಟಕದಲ್ಲಿ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಶಸ್ತ್ರಚಿಕಿತ್ಸೆಯಾಗಿದೆ.

ಇರಲಿ. ಫಲವಂತೂ ಬಂದಿದೆ. 1971ರಲ್ಲಿ ಭಾರತದ ಒಬ್ಬ ಮಹಿಳೆ ತನ್ನ ಜೀವಿತದಲ್ಲಿ ಸರಾಸರಿ ಐದಕ್ಕಿಂತ ಹೆಚ್ಚು ಮಕ್ಕಳನ್ನು ಹೆರುತ್ತಿದ್ದಳು. ಈಗಷ್ಟೇ ಹೇಳಿದ ಸಮೀಕ್ಷೆಯಲ್ಲಿ ಅದು ದೇಶಕ್ಕೆ 2.0, ಕರ್ನಾಟಕಕ್ಕೆ 1.7. ಒಂದು ತಲೆಮಾರಿನ ಸ್ಥಾನವನ್ನು ಮುಂದಿನ ತಲೆಮಾರು ಸರಿಯಾಗಿ ತುಂಬಲು 2.1 ಸಾಕು; ನಾವು ಅದಕ್ಕಿಂತ ಕೆಳಗೆ ಬಂದಿದ್ದೇವೆ. ಇದಕ್ಕೆ ನಮ್ಮ ಇಲಾಖೆಯ ಶಿಬಿರಗಳೊಂದೇ ಕಾರಣವೆಂದು ನಾನು ಹೇಳಲಾರೆ. ಹೆಣ್ಣುಮಕ್ಕಳು ಶಾಲೆಗೆ ಹೋದರು, ಮತ್ತು ಹುಟ್ಟಿದ ಮಗು ಬದುಕುತ್ತದೆಂಬ ಭರವಸೆ ತಾಯಿಗೆ ಬಂದಿತು. 1971ರಲ್ಲಿ ದೇಶದಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ 129 ಶಿಶುಗಳು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. 2020ರಲ್ಲಿ ಆ ಸಂಖ್ಯೆ 28. ಎರಡು ಉಳಿಯಲೆಂದು ಐದು ಹೆರುವ ಅಗತ್ಯ ತಪ್ಪಿತು.

2001ರಿಂದ 2011ರವರೆಗೆ ದೇಶದ ಬೆಳವಣಿಗೆ ನೂರಕ್ಕೆ 17.7ಕ್ಕೆ ಇಳಿಯಿತು. ಕರ್ನಾಟಕದಲ್ಲಿ ಅದು 15.6, ನಮ್ಮ ಉತ್ತರ ಕನ್ನಡದಲ್ಲಿ ಕೇವಲ 6.2. ಮೂವತ್ತು ವರ್ಷಗಳಲ್ಲಿ ಇಪ್ಪತ್ತಾರರಿಂದ ಆರಕ್ಕೆ ಇಳಿದ ಜಿಲ್ಲೆ ಇದು. ಇದರಲ್ಲಿ ಒಂದು ಪಾಲು ಬೆಂಗಳೂರು, ಹುಬ್ಬಳ್ಳಿಗಳಿಗೆ ಹೊರಟುಹೋದ ತರುಣರದ್ದು. ತೋಟದ ಮನೆಗಳಲ್ಲಿ ಇಬ್ಬರು ಮುದುಕರು ಮಾತ್ರ ಉಳಿದಿರುವುದನ್ನು, ಕೃಷಿಕ ಹುಡುಗರಿಗೆ ಹೆಣ್ಣು ದೊರೆಯದಿರುವುದನ್ನು, ಶಾಲೆಗಳಲ್ಲಿ ಬೆರಳೆಣಿಕೆಯ ಮಕ್ಕಳಿರುವುದನ್ನು ನಿಮಗೆ ನಾನು ವರ್ಣಿಸಬೇಕಾಗಿಲ್ಲ.

ಹಾಗಾದರೆ ಜನಸಂಖ್ಯೆ ಇನ್ನೂ ಏಕೆ ಏರುತ್ತಿದೆ ಎಂದು ಕೇಳಬಹುದು. ತೋಟದ ಉದಾಹರಣೆ ಕೊಡುತ್ತೇನೆ. ಹತ್ತು ವರ್ಷಗಳ ಕೆಳಗೆ ನೀವು ಹೆಚ್ಚಾಗಿ ಅಡಿಕೆ ಸಸಿ ನೆಟ್ಟಿದ್ದೀರಿ. ಈ ವರ್ಷ ಕಡಿಮೆ ನೆಟ್ಟಿರಿ. ಆದರೂ ಈ ವರ್ಷ ಕೊನೆ ಬಿಡುವ ಮರಗಳು ಹೆಚ್ಚೇ. ಅಂತೆಯೇ, ಹಿಂದೆ ಹೆಚ್ಚಾಗಿ ಹುಟ್ಟಿದ ಹೆಣ್ಣುಮಕ್ಕಳು ಇಂದು ತಾಯಂದಿರಾಗುತ್ತಿದ್ದಾರೆ. ಒಬ್ಬೊಬ್ಬರು ಹೆರುವುದು ಕಡಿಮೆಯಾದರೂ ಹೆರುವವರ ಸಂಖ್ಯೆ ದೊಡ್ಡದು. ಈ ಕಾರಣದಿಂದ ದರ ಇಳಿದ ಎಷ್ಟೋ ವರ್ಷಗಳ ಅನಂತರವೇ ಸಂಖ್ಯೆ ನಿಲ್ಲುವುದು.

ಕೇಂದ್ರ ಸರ್ಕಾರದ ತಜ್ಞರ ಸಮಿತಿ 2011ರ ಗಣತಿಯನ್ನು ಆಧರಿಸಿ ಮಾಡಿದ ಅಂದಾಜಿನಂತೆ 2021–31ರ ದಶಕದ ಬೆಳವಣಿಗೆ ನೂರಕ್ಕೆ 8.4, 2036ರಲ್ಲಿ ದೇಶದ ಜನಸಂಖ್ಯೆ 152 ಕೋಟಿ. 2021ರಲ್ಲಿ ನಡೆಯಬೇಕಾಗಿದ್ದ ಗಣತಿ ನಡೆಯಲಿಲ್ಲವಾದ್ದರಿಂದ ಇವೆಲ್ಲವೂ ಲೆಕ್ಕಾಚಾರಗಳೇ ಎಂಬುದು ನೆನಪಿರಲಿ. ವಿಶ್ವಸಂಸ್ಥೆ 2024ರಲ್ಲಿ ಪ್ರಕಟಿಸಿದ ಮುನ್ನಂದಾಜು ಇನ್ನೂ ಮುಂದಕ್ಕೆ ಹೋಗುತ್ತದೆ: 2060ರ ದಶಕದ ಆರಂಭದಲ್ಲಿ ಸುಮಾರು 170 ಕೋಟಿಯ ತುದಿ, ಅಲ್ಲಿಂದ ಇಳಿಕೆ, 2100ರ ವೇಳೆಗೆ ಸುಮಾರು 150 ಕೋಟಿ. ಅಷ್ಟರೊಳಗೆ ವೃದ್ಧರ ಪಾಲು ಹೆಚ್ಚುತ್ತದೆ. 2011ರಲ್ಲಿ ಅರವತ್ತು ದಾಟಿದವರು ನೂರಕ್ಕೆ ಎಂಟೂವರೆಯಷ್ಟು, 2036ಕ್ಕೆ ಹದಿನೈದು.

ಇದನ್ನು ಕೇಳಿ ಈಚೆಗೆ ಕೆಲವರು ಇನ್ನು ಹೆಚ್ಚು ಹೆರಿ ಎಂದು ಉಪದೇಶಿಸತೊಡಗಿದ್ದಾರೆ. ಐವತ್ತು ವರ್ಷಗಳ ಕೆಳಗೆ ಕಡಿಮೆ ಹೆರಿ ಎಂದು ಗದರಿಸಿದುದೂ ಇದೇ ಧ್ವನಿಯಲ್ಲಿಯೇ. ಹೆರುವವಳನ್ನು ಕೇಳಿದವರು ಆಗಲೂ ಕಡಿಮೆ, ಈಗಲೂ ಕಡಿಮೆ.

ವೈದ್ಯನಾಗಿ ನನಗೆ ಮುಖ್ಯವೆನಿಸುವುದು ಮಕ್ಕಳ ಎಣಿಕೆಗಿಂತ ತಾಯಿಯ ವಯಸ್ಸು ಮತ್ತು ಹೆರಿಗೆಗಳ ನಡುವಿನ ಅಂತರ. ಬೆಳವಣಿಗೆಯ ದರಕ್ಕೂ ಇದಕ್ಕೂ ನೇರವಾದ ಸಂಬಂಧವಿದೆ. ಒಂದು ಮನೆಯಲ್ಲಿ ಪ್ರತಿ ತಲೆಮಾರಿನ ಹೆಣ್ಣೂ ಹತ್ತೊಂಬತ್ತಕ್ಕೆ ತಾಯಿಯಾಗುತ್ತಾಳೆ ಎನ್ನೋಣ. ಹಿರಿಯಜ್ಜಿಗೆ ಎಪ್ಪತ್ತಾರು ತುಂಬಿದಾಗ ಅಲ್ಲಿ ಐದು ತಲೆಮಾರುಗಳು ಒಟ್ಟಿಗೆ ಇರುತ್ತವೆ. ಇಪ್ಪತ್ತೈದಕ್ಕೆ ತಾಯಿಯಾಗುವ ಮನೆಯಲ್ಲಿ ಅದೇ ಹೊತ್ತಿಗೆ ನಾಲ್ಕು. ಮಕ್ಕಳು ಎರಡೂ ಮನೆಗಳಲ್ಲಿ ಎರಡೆರಡೇ. 1978ರಲ್ಲಿ ಹೆಣ್ಣಿನ ಮದುವೆಯ ವಯಸ್ಸನ್ನು ಕಾನೂನು ಹದಿನೆಂಟಕ್ಕೆ ಏರಿಸಿತು. ಹದಿನೆಂಟು ತುಂಬಿದ ಮಾರನೆಯ ದಿನವೇ ಮದುವೆ ಮಾಡಬೇಕೆಂದು ಅದು ಎಲ್ಲಿಯೂ ಹೇಳಿಲ್ಲ. ಒಂದು ಹೆರಿಗೆಯಾದ ಮೇಲೆ ಮತ್ತೆ ಬಸುರಾಗಲು ಕನಿಷ್ಠ ಎರಡು ವರ್ಷ ಬಿಡಬೇಕು. ದೇಶದಲ್ಲಿ ಹದಿನೈದರಿಂದ ನಲವತ್ತೊಂಬತ್ತು ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ 57 ಜನರು ರಕ್ತಹೀನತೆಯಿಂದ ಬಳಲುತ್ತಿರುವಾಗ ಈ ಎರಡು ವರ್ಷವನ್ನು ಐಷಾರಾಮವೆಂದು ತಿಳಿಯಬಾರದು.

ಕಳೆದ ವರ್ಷ ಇಪ್ಪತ್ತೆರಡು ವರ್ಷದ ತಾಯಿಯೊಬ್ಬಳು ಅತ್ತೆಯೊಂದಿಗೆ ಬಂದಿದ್ದಳು. ಎರಡನೆಯ ಮಗುವಿಗೆ ನಾಲ್ಕು ತಿಂಗಳು. ಆಕೆ ಬಿಳಿಚಿಕೊಂಡಿದ್ದಳು. ಗಂಡ ಕೊನೆಗೌಡ, ಕೊಯ್ಲಿನಲ್ಲಿ ಮರ ಹತ್ತುವವನು. ಅತ್ತೆಯೇ ಮಾತನಾಡಿದರು: “ಡಾಕ್ಟ್ರೇ, ಮರ ಹತ್ತುವ ಮಗ ಅವನು. ಅವನಿಗೆ ಆಪರೇಶನ್ ಮಾಡಿದರೆ ಸೊಂಟದ ಶಕ್ತಿ ಹೋಗ್ತದೆ. ಇವಳಿಗೇ ಮಾಡಿಬಿಡಿ.” ಸೊಸೆ ಏನೂ ಹೇಳಲಿಲ್ಲ. ನಾನು ಆಕೆಯನ್ನೇ ಕೇಳಿದೆ. ಆಗ ಅವಳು, “ಈಗ ಬ್ಯಾಡ ಸರ್, ಮೊದಲು ಸ್ವಲ್ಪ ಸುಧಾರಿಸಿಕೊಳ್ತೇನೆ” ಎಂದಳು. ಕಬ್ಬಿಣಾಂಶದ ಮಾತ್ರೆಗಳನ್ನು ಕೊಟ್ಟು, ಮೂರು ತಿಂಗಳಿಗೊಮ್ಮೆ ತೆಗೆದುಕೊಳ್ಳುವ ಅಂತರಾ ಚುಚ್ಚುಮದ್ದನ್ನು ಆಕೆಯ ಒಪ್ಪಿಗೆಯಿಂದ ಆರಂಭಿಸಿದೆವು. ಅದು ಹಾಲೂಡಿಸುವ ತಾಯಿಗೂ ಆಗುತ್ತದೆ. ಬೇರೆಯವರಿಗೆ ಛಾಯಾ ಮಾತ್ರೆ, ಹತ್ತು ವರ್ಷದವರೆಗೆ ಕೆಲಸ ಮಾಡುವ ಕಾಪರ್-ಟಿ ಇವೆ. ಆದರೆ ಕಾಪರ್-ಟಿಯಿಂದ ಮುಟ್ಟಿನ ಸ್ರಾವ ಹೆಚ್ಚುವ ಸಂಭವವಿರುವುದರಿಂದ ರಕ್ತ ಕಡಿಮೆಯಿರುವವರು ವೈದ್ಯರೊಂದಿಗೆ ವಿಚಾರಿಸಿಯೇ ಹಾಕಿಸಿಕೊಳ್ಳಬೇಕು.

ಮೂರನೆಯ ಚುಚ್ಚುಮದ್ದಿನ ದಿನ ಅವಳ ಗಂಡನೂ ಬಂದು ಬಾಗಿಲ ಬಳಿ ನಿಂತಿದ್ದನು. ಎಲ್ಲರೂ ಹೋದ ಮೇಲೆ ಒಳಗೆ ಬಂದು, ಗಂಡಸರ ಆಪರೇಶನ್ ಆದರೆ ಮತ್ತೆ ಮರ ಹತ್ತಲು ಎಷ್ಟು ದಿನ ಬೇಕೆಂದು ಕೇಳಿದನು. ಅವನಿಗೆ ಹೇಳಿದುದನ್ನೇ ಇಲ್ಲಿರುವ ಗಂಡಸರಿಗೂ ಹೇಳುತ್ತೇನೆ. ಇದರಲ್ಲಿ ಕತ್ತಿ ಇಲ್ಲ, ಹೊಲಿಗೆ ಇಲ್ಲ. ಒಂದು ಸಣ್ಣ ರಂಧ್ರದಿಂದ ಹತ್ತು ಹದಿನೈದು ನಿಮಿಷಗಳಲ್ಲಿ ಮುಗಿಯುತ್ತದೆ. ಅದೇ ದಿನ ಮನೆಗೆ ಹೋಗಬಹುದು. ಎರಡು ದಿನ ವಿಶ್ರಾಂತಿ, ಒಂದು ವಾರ ಭಾರದ ಕೆಲಸ ಬೇಡ. ಕಟ್ಟುವುದು ವೀರ್ಯಾಣುವಿನ ನಾಳವನ್ನು ಮಾತ್ರ. ಸೊಂಟದ ಬಲಕ್ಕಾಗಲಿ ಪುರುಷತ್ವಕ್ಕಾಗಲಿ ಅದಕ್ಕೆ ಸಂಬಂಧವಿಲ್ಲ. ಆದರೆ ಇದನ್ನು ಶಾಶ್ವತವೆಂದೇ ತಿಳಿದು ಮಾಡಿಸಿಕೊಳ್ಳಬೇಕು. ಶಸ್ತ್ರಚಿಕಿತ್ಸೆಯಾದೊಡನೆ ಫಲ ಬರುವುದಿಲ್ಲ; ಮೂರು ತಿಂಗಳು ನಿರೋಧ್ ಬಳಸಿ, ಅನಂತರ ವೀರ್ಯದ ಪರೀಕ್ಷೆ ಮಾಡಿಸಿ ಖಚಿತಪಡಿಸಿಕೊಳ್ಳಬೇಕು. ಅವನು ಎಲ್ಲವನ್ನೂ ಕೇಳಿಕೊಂಡು, ಕೊಯ್ಲು ಮುಗಿಯಲಿ, ನೋಡುತ್ತೇನೆ ಎಂದು ಹೇಳಿ ಹೋದನು. ಇನ್ನೂ ಬಂದಿಲ್ಲ. ಅವಳ ಮುಂದಿನ ಚುಚ್ಚುಮದ್ದಿಗೆ ದಿನ ಗೊತ್ತಾಗಿದೆ.

ನಿಮ್ಮಲ್ಲಿ ಯಾರಿಗಾದರೂ ಸಭೆಯಲ್ಲಿ ಕೇಳಲು ಸಂಕೋಚವಾದರೆ ಹೊರರೋಗಿ ವಿಭಾಗದ ಸಮಯ ಮುಗಿದ ಮೇಲೆ ಬಂದು ಕೇಳಬಹುದು. ಗಂಡಸರೂ ಬರಬಹುದು.