ಡಾಕ್ಟ್ರೇ, ನಿಮ್ಮ ಕೈಗೆ ಬರೋದು ಸಂಬಳವೋ, ಫೀಸೋ?

ಓದು ಮುಗಿಸಿ ಈಗಷ್ಟೇ ಖಾಸಗಿ ಆಸ್ಪತ್ರೆಗೆ ಸೇರ್ತಿರೋ ಯುವ ವೈದ್ಯರಿಗೆ ಇವತ್ತಿನ ಮಾತು. ನಾನೂ ಡಾಕ್ಟರೇ. ಜೂನಿಯರ್‌ಗಳು ಆಫರ್ ಲೆಟರ್ ವಾಟ್ಸ್‌ಆ್ಯಪ್ ಮಾಡಿ, 'ಮೇಡಂ, ಸಂಬಳ ಪರವಾಗಿಲ್ವಾ?' ಅಂತ ಕೇಳ್ತಾರೆ. ಮೊತ್ತ ನೋಡೋ ಮೊದಲು ನಾನು ಅದರಲ್ಲಿ ಒಂದು ಪದ ಹುಡುಕ್ತೀನಿ: 'ಎಂಪ್ಲಾಯಿ' ಅಂತಿದೆಯೋ, 'ಕನ್ಸಲ್ಟಂಟ್' ಅಂತಿದೆಯೋ?

ಎಂಪ್ಲಾಯಿಗೆ ಬರೋದು ಸಂಬಳ. ಕನ್ಸಲ್ಟಂಟ್‌ಗೆ ಬರೋದು ವೃತ್ತಿ ಶುಲ್ಕ, ಅಂದ್ರೆ ಫೀಸು. ತಿಂಗಳಿಗೆ 1.20 ಲಕ್ಷ ಫೀಸು ಅಂತಿಟ್ಕೊಳ್ಳಿ. ಶೇ 10ರಷ್ಟು ಟಿಡಿಎಸ್ ಕಳೆದು ಕೈಗೆ ಸಿಗೋದು 1.08 ಲಕ್ಷ. 'ತೆರಿಗೆ ಕಟ್ಟಾಯ್ತಲ್ಲ' ಅಂತ ಸುಮ್ಮನಿರಬೇಡಿ, ಲೆಕ್ಕ ಅಲ್ಲಿಗೆ ಮುಗಿಯಲ್ಲ.

ವರ್ಷದ ಫೀಸು 50 ಲಕ್ಷದೊಳಗಿದ್ದರೆ, ಅದರಲ್ಲಿ ಕನಿಷ್ಠ ಅರ್ಧವನ್ನು ಆದಾಯ ಅಂತ ತೋರಿಸೋ ಅವಕಾಶ ವೈದ್ಯರಿಗಿದೆ. 44ಎಡಿಎ ಅಂತ ಆಡಿಟರ್‌ಗಳು ಹೇಳೋದು ಇದನ್ನೇ. 14.40 ಲಕ್ಷದಲ್ಲಿ ಅರ್ಧ 7.20 ಲಕ್ಷ. ಬೇರೆ ಆದಾಯ ಇಲ್ಲದಿದ್ದರೆ, 2025–26ರ ಹೊಸ ತೆರಿಗೆ ಪದ್ಧತಿಯಲ್ಲಿ ಇದಕ್ಕೆ ತೆರಿಗೆ ಸೊನ್ನೆ. ಹಿಡಿದುಕೊಂಡ 1.44 ಲಕ್ಷ ರಿಟರ್ನ್ ಸಲ್ಲಿಸಿದರೆ ವಾಪಸ್ ಬರುತ್ತೆ. ಅಷ್ಟೇ ಮೊತ್ತ ಸಂಬಳವಾಗಿ ಬಂದಿದ್ದರೆ ಸುಮಾರು 88 ಸಾವಿರ ತೆರಿಗೆ ಬೀಳ್ತಿತ್ತು.

ಹಾಗಾದ್ರೆ ಕನ್ಸಲ್ಟಂಟ್ ಆಗೋದೇ ಲಾಭ ಅಲ್ವಾ? ಸ್ವಲ್ಪ ತಡೀರಿ.

ನನ್ನ ಪರಿಚಯದ ಒಬ್ಬ ಅರಿವಳಿಕೆ ತಜ್ಞೆ ಎಲ್ಲರ ಹಾಗೇ ಬೆರಳಚ್ಚು ಒತ್ತಿ, ನೈಟ್ ಡ್ಯೂಟಿ ಮಾಡ್ತಿದ್ರು. ಗರ್ಭಿಣಿಯಾದಾಗ ಎಚ್‌ಆರ್ ಹೇಳಿದ್ದು ಒಂದೇ ಮಾತು: 'ನೀವು ಕನ್ಸಲ್ಟಂಟ್, ಬಂದ ದಿನಕ್ಕಷ್ಟೇ ಫೀಸು.' ಎಂಪ್ಲಾಯಿ ಆಗಿದ್ದಿದ್ರೆ ಕಾನೂನಿನಂತೆ 26 ವಾರ ಸಂಬಳಸಹಿತ ರಜೆ ಸಿಗ್ತಿತ್ತು. ತಿಂಗಳಿಗೆ 1.20 ಲಕ್ಷದಂತೆ ಆರು ತಿಂಗಳಿಗೆ 7.20 ಲಕ್ಷ ಆಯ್ತು. ವರ್ಷಕ್ಕೆ 88 ಸಾವಿರ ತೆರಿಗೆ ಉಳಿಸಿ ಇದನ್ನ ತುಂಬಿಸೋಕೆ ಎಂಟು ವರ್ಷ ಬೇಕು! ಪಿಎಫ್, ಗ್ರಾಚ್ಯುಟಿ ಇಲ್ಲದ್ದು ಬೇರೆ ಲೆಕ್ಕ. ಗಂಡಸರಿಗೂ ಅಷ್ಟೇ: ಡೆಂಗಿ ಬಂದು ಎರಡು ವಾರ ಮಲಗಿದರೆ ಎರಡು ವಾರದ ಫೀಸು ಹೋಯ್ತು, ಎಜುಕೇಷನ್ ಲೋನಿನ ಇಎಂಐ ಮಾತ್ರ ನಿಲ್ಲಲ್ಲ.

ಇನ್ನೊಂದು ವಿಷಯ. ವೈದ್ಯರ ಸೇವೆಯೂ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತೆ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಕೇಸು ಬಿದ್ದರೆ ಆಸ್ಪತ್ರೆಯ ವಿಮೆ ಕನ್ಸಲ್ಟಂಟನ್ನೂ ಕಾಯುತ್ತೆ ಅನ್ನೋ ಖಾತ್ರಿ ಇಲ್ಲ. ನಿಮ್ಮ ಹೆಸರಲ್ಲೇ ಇಂಡೆಮ್ನಿಟಿ ಪಾಲಿಸಿ ಇರಲಿ. ಅದನ್ನ ನಡುವೆ ಬಿಡಬೇಡಿ, ಯಾಕಂದ್ರೆ ಹಳೇ ಚಿಕಿತ್ಸೆಯ ಬಗ್ಗೆ ದೂರು ವರ್ಷಗಳ ನಂತರವೂ ಬರಬಹುದು.

ಕನ್ಸಲ್ಟಂಟ್ ಆಗಲೇಬೇಡಿ ಅಂತ ನಾನು ಹೇಳ್ತಿಲ್ಲ. ಅನೇಕರಿಗೆ ಬೇರೆ ಆಯ್ಕೆಯೂ ಇರಲ್ಲ. ಆದರೆ ಸಹಿ ಹಾಕೋ ಮುಂಚೆ ಮೂರು ಪ್ರಶ್ನೆ ಕೇಳಿ: ವರ್ಷಕ್ಕೆ ಎಷ್ಟು ದಿನ ಫೀಸುಸಹಿತ ರಜೆ? ಇಂಡೆಮ್ನಿಟಿ ಪ್ರೀಮಿಯಂ ಯಾರು ಕಟ್ತಾರೆ? ನೋಟಿಸ್ ಅವಧಿ ಇಬ್ಬರಿಗೂ ಒಂದೇನಾ? ಉತ್ತರ ಬಾಯಿಮಾತಲ್ಲಿ ಬೇಡ, ಕರಾರಿನಲ್ಲೇ ಬರೆಸಿಕೊಳ್ಳಿ. ಒಪ್ಪದಿದ್ದರೆ ಆ ಖರ್ಚನ್ನೆಲ್ಲ ಸೇರಿಸಿ ಹೆಚ್ಚು ಫೀಸು ಕೇಳಿ. ಟಿಡಿಎಸ್ ರಿಫಂಡ್ ಬಂದಾಗ ಅದನ್ನ ಹೊಸ ಫೋನಿಗೆ ಹಾಕದೆ ಬೇರೆ ಖಾತೆಯಲ್ಲಿಡಿ. ನಿಮಗೆ ಸಿಗದಿರೋ ರಜೆಯ ಸಂಬಳ ಅದೇ.

ರೋಗಿಯ ಕೇಸ್ ಶೀಟನ್ನ ಎಷ್ಟು ಗಮನವಿಟ್ಟು ಓದ್ತೀರೋ, ನಿಮ್ಮ ಕರಾರನ್ನೂ ಅಷ್ಟೇ ಗಮನವಿಟ್ಟು ಓದಿ.