ಬರೆದರೆ ಬರುತ್ತದೆ, ಬಾಯಿಗೆ ಬರುವುದಿಲ್ಲ

ಮಗಳು ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದಾಳೆ, ಇಂಗ್ಲಿಷಿನಲ್ಲಿ ಒಳ್ಳೆಯ ಅಂಕವೂ ಬಂದಿದೆ, ಆದರೆ ಪಿಯುಸಿಯಲ್ಲಿ ಎದ್ದು ನಿಂತರೆ ಒಂದು ವಾಕ್ಯ ಹೊರಡುವುದಿಲ್ಲ, ಏನು ಮಾಡೋಣ? ಪೋಷಕರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ನೆಂಟರಿಷ್ಟರೆಲ್ಲ ಇದಕ್ಕೆ ಹೇಳುವ ಔಷಧಿ ಒಂದೇ: ಸಂಕೋಚ ಬಿಡಬೇಕು, ಧೈರ್ಯ ಮಾಡಬೇಕು. ಈ ಉಪದೇಶ ಕೇಳಿ ಕೇಳಿ ಸಾಕಾಗಿದೆ. ಅದೇ ಹುಡುಗಿ ಚಿಲ್ಲರೆ ಕೊಡದ ಕಂಡಕ್ಟರ್ ಜತೆ ಕನ್ನಡದಲ್ಲಿ ವಾದ ಹೂಡಿ ಗೆಲ್ಲಬಲ್ಲಳು. ಅವಳ ಸಂಕೋಚ ಆಗ ಎಲ್ಲಿ ಹೋಯಿತು? ಟೆಕ್ಸಾಸ್ ವಿಶ್ವವಿದ್ಯಾಲಯದ ಎಲೈನ್ ಹಾರ್ವಿಟ್ಜ್ ಮತ್ತು ಸಂಗಡಿಗರು 1986ರಲ್ಲಿ ಈ ಅಂಜಿಕೆಯನ್ನು ಹುಟ್ಟುಗುಣದ ನಾಚಿಕೆಯಿಂದ ಬೇರ್ಪಡಿಸಿದರು. ಭಾಷಾ ತರಗತಿಯ ಸನ್ನಿವೇಶವೇ ಹುಟ್ಟಿಸುವ ಅಂಜಿಕೆ ಇದು ಎಂಬುದು ಅವರ ವಾದ. ಇದನ್ನು ಅಳೆಯಲು ಅವರು ಸಿದ್ಧಪಡಿಸಿದ 33 ಹೇಳಿಕೆಗಳ ಪ್ರಶ್ನಾವಳಿ ಇಂದಿಗೂ ಹಲವು ದೇಶಗಳಲ್ಲಿ ಬಳಕೆಯಲ್ಲಿದೆ.

ಒಳಗೆ ಆಗುವುದೇನು? ಕನ್ನಡ ಮಾತಾಡುವಾಗ ನಮ್ಮ ಗಮನವೆಲ್ಲ ಹೇಳಬೇಕಾದ ವಿಷಯದ ಮೇಲೆ. ಪದ ತಾನಾಗಿ ಬರುತ್ತದೆ, ವಿಭಕ್ತಿ ತಾನಾಗಿ ಸೇರುತ್ತದೆ. ಕಲಿಯುತ್ತಿರುವ ಭಾಷೆಯಲ್ಲಿ ಪದ ಹುಡುಕಬೇಕು, ಭೂತಕಾಲವೋ ವರ್ತಮಾನವೋ ನೋಡಬೇಕು, ಉಚ್ಚಾರಣೆ ಸರಿಮಾಡಿಕೊಳ್ಳಬೇಕು. ಒಂದೊಂದಕ್ಕೂ ಗಮನ ಬೇಕು, ಅದೋ ಯಾರಿಗೂ ಧಾರಾಳವಾಗಿ ಸಿಕ್ಕಿದ್ದಲ್ಲ. ಅಷ್ಟರಲ್ಲಿ ‘ತಪ್ಪಾದರೆ ನಗುತ್ತಾರೆ’ ಎಂಬ ಯೋಚನೆ ಬಂತೆಂದರೆ ಅದೂ ಆ ಗಮನದಲ್ಲೇ ಪಾಲು ಕೇಳುತ್ತದೆ. ಹಾಲು ಉಕ್ಕೀತೆಂದು ಒಲೆಯ ಮೇಲೆ ಕಣ್ಣಿಟ್ಟು ಮನೆಖರ್ಚಿನ ಲೆಕ್ಕ ಕೂಡುವವರ ಪಾಡು ಅದು. ಕೂಡುವುದು ಗೊತ್ತು, ಆದರೂ ಲೆಕ್ಕ ತಪ್ಪುತ್ತದೆ. ಇನ್ನೊಮ್ಮೆ ಹೇಳುತ್ತೇನೆ, ಏಕೆಂದರೆ ಎಲ್ಲರೂ ಎಡವುವುದು ಇಲ್ಲೇ. ಹುಡುಗಿಗೆ ಇಂಗ್ಲಿಷ್ ಗೊತ್ತಿದೆ. ಗೊತ್ತಿರುವುದನ್ನು ಹೊರತೆಗೆಯಲು ಬೇಕಾದ ಗಮನವನ್ನು ಅವಳು ತನ್ನನ್ನು ತಾನೇ ಕಾಯುವುದಕ್ಕೆ ಖರ್ಚು ಮಾಡುತ್ತಿದ್ದಾಳೆ. ಬರೆಯುವಾಗ ಯಾರೂ ಬಾಯಿ ನೋಡುತ್ತ ಕೂತಿರುವುದಿಲ್ಲ, ತಪ್ಪಿದರೆ ಹೊಡೆದುಹಾಕಿ ಮತ್ತೆ ಬರೆಯಬಹುದು. ಅದಕ್ಕೇ ಅಂಕ ಬರುತ್ತದೆ. ಮೂವತ್ತು ದಿನಗಳಲ್ಲಿ ಇಂಗ್ಲಿಷ್ ಮಾತಾಡಿಸುತ್ತೇವೆ ಎನ್ನುವವರ ಬಳಿ ಹೋಗಿ ಇನ್ನಷ್ಟು ಪದ ಬಾಯಿಪಾಠ ಮಾಡಿದರೆ ಈ ಖರ್ಚು ಕಡಿಮೆಯಾಗುವುದಿಲ್ಲ.

ಈ ವಾದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ಅಮೆರಿಕದ ರಿಚರ್ಡ್ ಸ್ಪಾರ್ಕ್ಸ್ ಮತ್ತು ಲಿಯೊನೋರ್ ಗ್ಯಾನ್‌ಶೋ 1990ರ ದಶಕದಲ್ಲಿ ಅದನ್ನು ಎತ್ತಿದರು. ಭಾಷೆಯ ಧ್ವನಿ, ವ್ಯಾಕರಣಗಳನ್ನು ಹಿಡಿಯುವ ಶಕ್ತಿ ಕಡಿಮೆ ಇದ್ದವರಿಗೆ ತರಗತಿಯಲ್ಲಿ ಅಂಜಿಕೆ ಹುಟ್ಟುವುದು ಸಹಜ. ನೀವು ಫಲವನ್ನೇ ಕಾರಣವೆನ್ನುತ್ತಿದ್ದೀರಿ ಎಂದರು. ಕೆಲವರ ಮಟ್ಟಿಗೆ ಇದು ನಿಜ. ಪದಸಂಪತ್ತೇ ಇಲ್ಲದವರಿಗೆ ಧೈರ್ಯ ತುಂಬಿ ಪ್ರಯೋಜನವಿಲ್ಲ. ಆದರೆ ಕೆನಡಾದ ಪೀಟರ್ ಮ್ಯಾಕಿಂಟೈರ್ ಮತ್ತು ರಾಬರ್ಟ್ ಗಾರ್ಡ್ನರ್ 1994ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನೋಡಿ. ವಿದ್ಯಾರ್ಥಿಗಳು ಕಂಪ್ಯೂಟರ್ ಮುಂದೆ ಕೂತು ಫ್ರೆಂಚ್ ಪದಗಳನ್ನು ಕಲಿಯುತ್ತಿದ್ದರು. ಒಂದೊಂದು ಗುಂಪಿಗೆ ಒಂದೊಂದು ಹಂತದಲ್ಲಿ ವಿಡಿಯೊ ಕ್ಯಾಮೆರಾ ತಂದಿಟ್ಟರು. ಕ್ಯಾಮೆರಾ ಬಂದೊಡನೆ ಅಂಜಿಕೆ ಏರಿತು, ಕಲಿಕೆ ಇಳಿಯಿತು. ಯಾರ ಶಕ್ತಿಯೂ ಆ ಗಳಿಗೆಯಲ್ಲಿ ಕುಂದಿರಲಿಲ್ಲ. ಹೊಸದಾಗಿ ಬಂದದ್ದು ನೋಡುವ ಕಣ್ಣು ಮಾತ್ರ.

ನಮ್ಮ ತರಗತಿಗಳಿಗೆ ಕ್ಯಾಮೆರಾ ಬೇಕಿಲ್ಲ, ಮಾತಿನ ನಡುವೆ ತಿದ್ದುವ ಚಾಳಿಯೇ ಸಾಕು. ಹುಡುಗ ‘ಹಿ ಗೋ’ ಎನ್ನುವಷ್ಟರಲ್ಲಿ ಮೇಷ್ಟ್ರು ‘ಗೋಸ್!’ ಎನ್ನುತ್ತಾರೆ, ಅವನು ಏನು ಹೇಳಹೊರಟಿದ್ದ ಎಂಬುದು ಅವನಿಗೇ ಮರೆತುಹೋಗುತ್ತದೆ. ತಿದ್ದದಿದ್ದರೆ ತಪ್ಪು ಬೇರೂರುತ್ತದಲ್ಲ ಎನ್ನುವಿರಿ. ಖಂಡಿತ ತಿದ್ದಿ, ಆದರೆ ಮಾತು ಮುಗಿದ ಮೇಲೆ. ದಯವಿಟ್ಟು ಮಾತಿನ ನಡುವೆ ಬೇಡ. ಪ್ರಶ್ನೆ ಕೇಳಿದ ಮೇಲೂ ತುಸು ಕಾಯಿರಿ. 1970ರ ದಶಕದಲ್ಲಿ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಅಮೆರಿಕದ ವಿಜ್ಞಾನ ತರಗತಿಗಳನ್ನು ಗಮನಿಸಿದಾಗ ಶಿಕ್ಷಕರು ಉತ್ತರಕ್ಕೆ ಕಾಯುತ್ತಿದ್ದುದು ಸುಮಾರು 1 ಸೆಕೆಂಡ್. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ಉತ್ತರ ಕೊಡದೆ ಸುಮ್ಮನಿರುವುದು ಕಡಿಮೆಯಾಯಿತು. ತಮ್ಮ ಭಾಷೆಯಲ್ಲೇ ಉತ್ತರಿಸುವ ಮಕ್ಕಳಿಗೇ ಅಷ್ಟು ಹೊತ್ತು ಬೇಕಿದ್ದರೆ ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಹೇಳಬೇಕಾದವರಿಗೆ ಎಷ್ಟು ಬೇಕು, ನೀವೇ ಲೆಕ್ಕ ಹಾಕಿ.

ಸಮಯ ಮುಗಿಯುತ್ತ ಬಂತು, ಸಲಹೆಗಳನ್ನು ಬೇಗ ಹೇಳಿಬಿಡುತ್ತೇನೆ. ಎಬ್ಬಿಸಿ ನಿಲ್ಲಿಸುವ ಮೊದಲು ಯೋಚಿಸಲು, ಒಂದೆರಡು ಸಾಲು ಗೀಚಿಕೊಳ್ಳಲು ಬಿಡಿ. ಇಡೀ ತರಗತಿಗಿಂತ ಮೊದಲು ಪಕ್ಕದಲ್ಲಿ ಕೂತವರಿಗೆ ಹೇಳಲಿ. ಒಂದೇ ವಿಷಯವನ್ನು ಮೂವರಿಗೆ, ಮೊದಲು 4 ನಿಮಿಷ, ಆಮೇಲೆ 3, ಕೊನೆಗೆ 2 ನಿಮಿಷದಲ್ಲಿ ಹೇಳಿಸುವ ಪದ್ಧತಿಯಿದೆ. ಖರ್ಚಿಲ್ಲದ್ದು, ಎಲ್ಲ ಶಾಲೆಯಲ್ಲೂ ಆಗುವಂಥದ್ದು. ಪೋಷಕರಲ್ಲಿ ಒಂದೇ ಕೋರಿಕೆ: ಮನೆಗೆ ನೆಂಟರು ಬಂದಾಗ ‘ಎಲ್ಲಿ, ಇಂಗ್ಲಿಷಲ್ಲಿ ಮಾತಾಡಿ ತೋರಿಸು’ ಎಂದು ಮಗುವನ್ನು ಎದುರಿಗೆ ನಿಲ್ಲಿಸಬೇಡಿ.